ಹಿತಕಿದ ಬೀನ್ಸು

ಇಂಗ್ಲೆಂಡಿನಲ್ಲಿದ್ದಾಗ ನಾನು ಪಕ್ಕದ ಮನೆಯವರು ನಲವತ್ತು ವರ್ಷದಿಂದ ಕಾಪಾಡಿಕೊಂಡು ಬಂದಿದ್ದ ಬೀನ್ಸಿನ ಬೀಜವನ್ನೆಲ್ಲ ಹಿತಕಿ, ಸಾರು ಮಾಡಿಕೊಂಡು ತಿಂದುಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಕಾಮೆಂಟಿನಲ್ಲಿ ಯಾರೂ ನನ್ನನ್ನು ಸಮಾಧಾನ ಮಾಡುವುದು ಬೇಡ.

ನನ್ನ ಹೆಂಡತಿ ಅಮೆರಿಕದ ಹೇವರ್ಡಿನ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಾಳೆ. ಮನೆ ಇರುವುದು ಸ್ಯಾನ್ ರಮೋನಿನಲ್ಲಿ. ಕೆಲವು ವರ್ಷದ ಹಿಂದೆ ಇಂಗ್ಲೆಂಡಿನ ಒಂದು ಹಳೆಯ ಯೂನಿವರ್ಸಿಟಿ ಊರಿನವರು ಅವಳನ್ನು ಹದಿನೈದು ತಿಂಗಳ ಮಟ್ಟಿಗೆ ಕರೆಸಿಕೊಂಡರು. ನನ್ನದು ಲ್ಯಾಪ್‌ಟಾಪಿನ ಕೆಲಸ. ಎಲ್ಲಿ ಬೇಕಾದರೂ ಇರು, ಆದರೆ ಇಲ್ಲಿನ ಟೈಮಿಗೆ ಮೀಟಿಂಗಿಗೆ ಬಾ ಎಂದು ಬಾಸು ಒಪ್ಪಿಕೊಂಡ. ಇಲ್ಲಿ ಬೆಳಗ್ಗೆ ಒಂಬತ್ತು ಅಂದರೆ ಅಲ್ಲಿ ಸಂಜೆ ಐದು. ಹಾಗಾಗಿ ಎದ್ದಾಗಿನಿಂದ ಐದು ಗಂಟೆಯವರೆಗೆ ನಾನು ನಿರುದ್ಯೋಗಿ. ಹೆಂಡತಿ ಸೈಕಲ್ಲು ಹತ್ತಿ ಹೋದ ಮೇಲೆ ಪಾತ್ರೆ ತೊಳೆದು, ಅಡುಗೆಮನೆಯಲ್ಲೇ ಇದ್ದ ವಾಷಿಂಗ್ ಮಷೀನಿಗೆ ಬಟ್ಟೆ ಹಾಕಿ, ಅದು ತಿರುಗುವುದನ್ನು ನೋಡುತ್ತ ಕೂತಿರುತ್ತಿದ್ದೆ.

ಇನ್ನೊಂದು ವಿಷಯ. ಸ್ಯಾನ್ ರಮೋನ್ ಇರುವ ಈ ಬೇ ಏರಿಯಾದಲ್ಲಿ ಇಪ್ಪತ್ತೆರಡು ವರ್ಷ ಇದ್ದು, ಪಾಸ್‌ಪೋರ್ಟನ್ನೂ ಬದಲಾಯಿಸಿಕೊಂಡಿದ್ದರೂ ಇಲ್ಲಿ ನನ್ನನ್ನು ಯಾರೂ ಅಮೆರಿಕನ್ ಎಂದು ಕರೆದಿರಲಿಲ್ಲ. ನಮ್ಮ ಬೀದಿಯ ಹದಿನಾಲ್ಕು ಮನೆಯಲ್ಲಿ ಒಂಬತ್ತು ಇಂಡಿಯನ್ನರದು. ಕರೆಯುವವರಾದರೂ ಯಾರು? ಇಂಗ್ಲೆಂಡಿಗೆ ಹೋದ ವಾರದಲ್ಲೇ ಅಮೆರಿಕನ್ ಆಗಿಬಿಟ್ಟೆ. ಬಾಯಿ ತೆಗೆದರೆ ಸಾಕು, ನಿಮ್ಮಲ್ಲಿ ಅಷ್ಟು ಬಂದೂಕು ಯಾಕೆ ಎಂದು ಕೇಳುವರು, ಅದೇನೋ ನಾನೇ ಹಂಚಿ ಬಂದವನ ಹಾಗೆ. ಇಂಡಿಯನ್ ಅಂಗಡಿಯವನೂ ಅಷ್ಟೆ, ಅಮೆರಿಕದವರಿಗೆ ದೊಡ್ಡ ಪ್ಯಾಕೆಟ್ಟೇ ಆಗಬೇಕಲ್ಲ ಎಂದು ಅಕ್ಕಿಮೂಟೆಯನ್ನು ಮುಂದಕ್ಕೆ ತಳ್ಳಿದ. ನಾನು ತಿದ್ದಲು ಹೋಗಲಿಲ್ಲ. ಬೆಂಗಳೂರಿನಿಂದ ಶುರು ಮಾಡಿ ಕತೆ ಹೇಳುವಷ್ಟು ತಾಳ್ಮೆ ನನಗಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದವರಿಗೆ ಎಪ್ಪತ್ತಾರು ವರ್ಷ. ಲೈಬ್ರರಿಯಲ್ಲಿ ಹರಿದ ಪುಸ್ತಕಗಳನ್ನು ರಿಪೇರಿ ಮಾಡಿ ನಿವೃತ್ತರಾದ ಹೆಂಗಸು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಊರಂಚಿನಲ್ಲಿ ಅವರಿಗೆ ಒಂದು ಅಲಾಟ್‌ಮೆಂಟ್ ಇತ್ತು. ಅಂದರೆ ದೊಡ್ಡದೊಂದು ಹೊಲವನ್ನು ಉದ್ದುದ್ದ ಪಟ್ಟಿಗಳಾಗಿ ಹಂಚಿರುತ್ತಾರೆ. ಒಬ್ಬೊಬ್ಬರು ಒಂದೊಂದು ಪಟ್ಟಿಯಲ್ಲಿ ತರಕಾರಿ ಬೆಳೆದುಕೊಳ್ಳುತ್ತಾರೆ. ಒಂದು ಪಟ್ಟಿ ಸಿಗಬೇಕಾದರೆ ವರ್ಷಗಟ್ಟಲೆ ಕಾಯಬೇಕು. ನಾನು ಹಗಲೆಲ್ಲ ಖಾಲಿ ಕೂತಿರುವುದನ್ನು ಕಿಟಕಿಯಿಂದ ನೋಡಿದ ಆಕೆ ಮೇ ತಿಂಗಳಲ್ಲಿ ಒಂದು ದಿನ ಬಂದು, ಕೋಲು ಹಿಡಿದುಕೊಳ್ಳಲು ಬರುತ್ತೀರಾ ಎಂದು ಕೇಳಿದರು. ಹೋದೆ.

ಎರಡು ಸಾಲು ಬಿದಿರು ಕೋಲನ್ನು ನೆಟ್ಟು, ಮೇಲೆ ಜೋಡಿಸಿ ಕಟ್ಟಿ, ಬುಡದಲ್ಲಿ ಬೀನ್ಸ್ ಬೀಜ ಊರಿದರು. ಆ ಬೀಜ ಯಾವ ಅಂಗಡಿಯಲ್ಲೂ ಸಿಗುವುದಿಲ್ಲವಂತೆ. ಮದುವೆಯಾದ ಹೊಸದರಲ್ಲಿ ಗಂಡ ತನ್ನ ಅಪ್ಪನ ತೋಟದಿಂದ ಒಂದು ಹಿಡಿ ತಂದದ್ದು. ಅಪ್ಪನೂ ಇಲ್ಲ, ಆ ತೋಟವೂ ಇಲ್ಲ. ಗಂಡನ ಕಡೆಯದು ಅಂತ ಉಳಿದಿರುವುದು ಇದೊಂದೇ ಎಂದು, ಬೇರೆಯವರ ಮನೆಯ ಸುದ್ದಿ ಹೇಳುವ ಹಾಗೆ ಹೇಳಿ, ಕೈಗೆ ಅಂಟಿದ್ದ ಮಣ್ಣು ಒದರಿಕೊಂಡರು. ನಾನು ತಲೆಯಾಡಿಸಿದೆ. ಪ್ರತಿ ವರ್ಷ ಇದ್ದಬದ್ದ ಬೀಜವನ್ನೆಲ್ಲ ಊರಿ, ಕೊನೆಯಲ್ಲಿ ಕೆಲವು ಬಳ್ಳಿಗಳನ್ನು ಬಲಿಯಲು ಬಿಟ್ಟು ಮುಂದಿನ ವರ್ಷಕ್ಕೆ ತೆಗೆದಿಡುತ್ತಾರೆ ಎನ್ನುವುದನ್ನು ಮಾತ್ರ ಅವರು ಹೇಳಲಿಲ್ಲ. ತೋಟ ಮಾಡುವ ಯಾರಿಗಾದರೂ ಗೊತ್ತಿರುತ್ತದೆ ಅಂದುಕೊಂಡರು. ಶೆಡ್ಡಿನಲ್ಲಿ ಎಲ್ಲೋ ಒಂದು ಡಬ್ಬಿ ತುಂಬ ಇಟ್ಟಿರುತ್ತಾರೆ ಅಂತ ನಾನು ಅಂದುಕೊಂಡೆ.

ಜೂನಿನಲ್ಲಿ ಅವರು ಸೈಕಲ್ಲಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಅಲ್ಲಿಂದ ತಂಗಿಯ ಊರಿಗೆ ಹೊರಟರು. ಆಗಸ್ಟಿಗೆ ಬಂದುಬಿಡುತ್ತೇನೆ, ಅಲ್ಲಿಯವರೆಗೆ ನೀರು ಹಾಕಿ, ಕಳೆ ಕೀಳಿ, ಪಾಳು ಬಿಟ್ಟರೆ ಕಮಿಟಿಯವರು ಜಾಗ ವಾಪಸ್ ತೆಗೆದುಕೊಳ್ಳುತ್ತಾರೆ ಎಂದು ಶೆಡ್ಡಿನ ಬೀಗದಕೈ ಕೊಟ್ಟರು. ಬೀನ್ಸು ಮಾತ್ರ ದಿನಾ ಕೀಳುತ್ತಿರಿ, ನಿಮಗೇ ಇಟ್ಟುಕೊಳ್ಳಿ ಎಂದರು.

ದಿನಾ ಹೋದೆ. ನೀರು ಹಾಕಿದೆ, ಕಳೆ ಕಿತ್ತೆ. ಬಳ್ಳಿ ಕೋಲಿನ ತುದಿ ಮುಟ್ಟಿ ಕೆಂಪು ಹೂ ಬಿಟ್ಟಿತು, ಕಾಯಿ ಕಟ್ಟಿತು. ಮೊದಲ ಸಲ ಬಿಟ್ಟ ಕಾಯಿ ಕಿತ್ತು ತಂದು ಪಲ್ಯ ಮಾಡಿದೆ. ನಮ್ಮ ಹುರುಳಿಕಾಯಿಯ ಹಾಗಲ್ಲ, ಅಗಲ, ಚಪ್ಪಟೆ, ಮೈಯೆಲ್ಲ ಒರಟು. ಹೆಂಡತಿ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಇನ್ನೊಂದು ಕಾಯಿಯನ್ನು ಬಿಡಿಸಿ ಒಳಗೆ ನೋಡಿದೆ. ಪುಟಾಣಿ ಕಾಳು, ಸಾಲಾಗಿ. ಥೇಟ್ ಅವರೆಕಾಯಿ.

ಅಲ್ಲಿಗೆ ನನ್ನ ಬುದ್ಧಿ ಕೆಟ್ಟಿತು. ಅವರೆಕಾಯಿಯನ್ನು ಕಾಳು ಕಟ್ಟುವ ಮೊದಲೇ ಕೀಳುವವನನ್ನು ನಮ್ಮ ಕಡೆ ಮನೆಯೊಳಗೆ ಸೇರಿಸುವುದಿಲ್ಲ. ಸ್ಯಾನ್ ರಮೋನಿನ ಹಿತ್ತಿಲಲ್ಲಿ ಎರಡು ಸಲ ಅವರೆ ಹಾಕಿದ್ದೆ, ಎರಡು ಸಲವೂ ಅಳಿಲು ತಿಂದಿತ್ತು. ಹಿತಕಿದ ಬೇಳೆ ಅಂದರೆ ಗ್ರೋಸರಿಯ ಫ್ರೋಜನ್ ಪ್ಯಾಕೆಟ್ಟೇ ಗತಿ. ಇಲ್ಲಿ ಎರಡು ಸಾಲು ತೂಗಾಡುತ್ತಿದೆ. ಈ ಜನ ಸಿಪ್ಪೆ ತಿಂದು ಕಾಳನ್ನು ಬಿಡುತ್ತಾರಲ್ಲ ಎಂದು ಕನಿಕರಪಟ್ಟು, ಕೀಳುವುದನ್ನು ನಿಲ್ಲಿಸಿದೆ.

ಅಲಾಟ್‌ಮೆಂಟಿನ ಸೆಕ್ರೆಟರಿ ಹುಲ್ಲು ಟೋಪಿಯ ನಿವೃತ್ತ ಮೇಷ್ಟ್ರು. ವಾರಕ್ಕೊಮ್ಮೆ ನನ್ನ ಹತ್ತಿರ ನಿಂತು, ಬೀನ್ಸು ಜೋರಾಗಿ ಬಂದಿದೆ ಅಲ್ಲವೇ ಎನ್ನುವರು. ನಾನು ಥ್ಯಾಂಕ್ಸ್ ಹೇಳುತ್ತಿದ್ದೆ. ಮೂರನೆಯ ವಾರ, ಇನ್ನೂ ಅಲ್ಲೇ ಇವೆ ಅಲ್ಲವೇ ಎಂದರು. ಅದಕ್ಕೂ ಥ್ಯಾಂಕ್ಸ್ ಹೇಳಿದೆ. ಕೀಳಯ್ಯ, ಇಲ್ಲದಿದ್ದರೆ ಬಳ್ಳಿ ಕಾಯಿ ಬಿಡುವುದನ್ನೇ ನಿಲ್ಲಿಸುತ್ತದೆ ಎನ್ನುವುದನ್ನು ಅವರು ಅಷ್ಟು ಸುತ್ತು ಹಾಕಿ ಹೇಳುತ್ತಿದ್ದರು. ನಮ್ಮ ಅಮೆರಿಕನ್ನಿಗೆ ಬೀನ್ಸು ಕೀಳಲು ಬರುವುದಿಲ್ಲ ಎಂದು ಪಕ್ಕದ ಪಟ್ಟಿಯವರ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿತ್ತು. ಕಳೆ ಕೀಳುತ್ತಲೇ ಇದ್ದೆ. ಹೆಸರು ಕೆಟ್ಟರೆ ಅಮೆರಿಕದ್ದು ಕೆಡಲಿ.

ಆಗಸ್ಟಿನಲ್ಲಿ ಅವರು ಬರಲಿಲ್ಲ. ಗಾಯ ಮಾಯುವುದು ನಿಧಾನವಾಯಿತು. ಫೋನಿನಲ್ಲಿ ಬೀನ್ಸು ಹೇಗಿದೆ ಎಂದು ಕೇಳಿದರು. ಚೆನ್ನಾಗಿ ಬಲಿಯುತ್ತಿದೆ ಎಂದೆ. ಒಳ್ಳೆಯದು, ನನಗೂ ಸ್ವಲ್ಪ ಉಳಿಸಿ ಎಂದರು. ಖಂಡಿತ ಎಂದೆ.

ಸೆಪ್ಟೆಂಬರ್ ಕೊನೆಗೆ ಕಾಯಿ ಹಳದಿಗೆ ತಿರುಗಿದವು. ಒಂದನ್ನೂ ಬಿಡದೆ ಕಿತ್ತೆ. ಬಳ್ಳಿಯನ್ನೂ ಎಳೆದುಹಾಕಿ ನೆಲ ಚೊಕ್ಕಟ ಮಾಡಿದೆ. ಸೆಕ್ರೆಟರಿ ಮೊದಲ ಬಾರಿಗೆ ನಿಜವಾಗಿ ಹೊಗಳಿದರು. ಶನಿವಾರ ನಾನೂ ಹೆಂಡತಿಯೂ ನೆಲದ ಮೇಲೆ ಪೇಪರು ಹಾಸಿಕೊಂಡು ಸುಲಿಯಲು ಕೂತೆವು. ಹೆಬ್ಬೆರಳಿನ ಉಗುರಿನಷ್ಟು ದಪ್ಪ ಕಾಳು, ನೇರಳೆ ಬಣ್ಣ, ಮೇಲೆ ಶಾಯಿ ಚಿಮುಕಿಸಿದ ಹಾಗೆ ಕಪ್ಪು ಮಚ್ಚೆ. ಮೈಸೂರಿನಲ್ಲಿ ಬೆಳೆದ ಹೆಂಡತಿ, ಅಳಗುಳಿಮಣೆ ಆಡಲು ಹೇಳಿ ಮಾಡಿಸಿದ ಹಾಗಿದೆ ಎಂದು ಚೆನ್ನಾಗಿದ್ದವನ್ನು ಆರಿಸಿ ಒಂದು ಕಡೆ ಇಟ್ಟುಕೊಂಡಳು. ಆಗ ನಾನು ಅದನ್ನು ಗಮನಿಸಲೂ ಇಲ್ಲ. ಉಳಿದದ್ದನ್ನು ನೆನೆಹಾಕಿ, ಮಾರನೆಯ ದಿನ ಒಂದೊಂದಾಗಿ ಹಿತಕಿದೆವು. ಕಾಯಿ, ಕೊತ್ತಂಬರಿ ರುಬ್ಬಿ ಹಾಕಿ ಸಾರು, ಜೊತೆಗೆ ಅಕ್ಕಿರೊಟ್ಟಿ. ಅವರೆಯ ಸೊಗಡು ಇರಲಿಲ್ಲ, ಆದರೂ ಒಂದು ವಾರ ಬೇರೇನೂ ಮಾಡಲಿಲ್ಲ. ಮಾತು ಕೊಟ್ಟಿದ್ದೆನಲ್ಲ, ಪಕ್ಕದ ಮನೆಯವರಿಗೆಂದು ಒಂದು ಡಬ್ಬಿ ಹಿತಕಿದ ಬೇಳೆ ಫ್ರೀಜರಿನಲ್ಲಿಟ್ಟೆ.

ಅಕ್ಟೋಬರಿನಲ್ಲಿ ಅವರು ಕೋಲೂರಿಕೊಂಡು ಬಂದರು. ಡಬ್ಬಿ ಹಿಡಿದು ಅವರ ಮನೆಗೆ ಹೋದೆ. ಮುಚ್ಚಳ ತೆಗೆದು ನೋಡಿದರು. ಬಿಳಿ ಬೇಳೆ, ಮೇಲೆ ಮಂಜು. ಇದೇನು ಎಂದು ಕೇಳಿದರು. ಸುಲಿದು, ನೆನೆಸಿ, ಸಿಪ್ಪೆ ತೆಗೆದದ್ದು ಎಂದು ಹೆಮ್ಮೆಯಿಂದ ವಿವರಿಸಿದೆ. ಉಳಿದವು ಎಲ್ಲಿ ಎಂದರು. ತಿಂದೆವು ಎಂದೆ. ಎಲ್ಲವನ್ನೂ? ಎಲ್ಲವನ್ನೂ. ಶೆಡ್ಡಿನಲ್ಲಿ ಬೀಜದ ಡಬ್ಬಿ ಇರಬೇಕಲ್ಲ ಎಂದು ನಾನೇ ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು.

ಅವರು ಕುರ್ಚಿಯಲ್ಲಿ ಕೂತರು. ನಾನು ನಿಂತೇ ಇದ್ದೆ. ಕೆಟಲ್ಲಿನಲ್ಲಿ ನೀರು ಕುದಿದು ತಾನಾಗಿ ಆಫ್ ಆಯಿತು. ಇಬ್ಬರೂ ಅದರ ಕಡೆ ಹೋಗಲಿಲ್ಲ. ಅವರು ಆಡಿದ್ದು ಇಂಗ್ಲಿಷಿನಲ್ಲೇ, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇಷ್ಟು.

"ರುಚಿಯಾಗಿತ್ತಾ?"

"ಆಗಿತ್ತು."

"ಸೆಕ್ರೆಟರಿ ಫೋನ್ ಮಾಡಿದ್ರು. ಅಮೆರಿಕದವ್ರಿಗೆ ಬೀನ್ಸ್ ಗೊತ್ತಾಗಲ್ಲ, ಬೇಜಾರು ಮಾಡ್ಕೋಬೇಡಿ ಅಂದ್ರು."

ಆ ನೆಪದ ಹಿಂದೆ ಅಡಗಿಕೊಳ್ಳಬಹುದಿತ್ತು. ಮೂರು ತಿಂಗಳು ಅದನ್ನೇ ಮಾಡಿದ್ದೆ. ಆದರೆ ಅವರ ಕೈ ಇನ್ನೂ ಆ ತಣ್ಣನೆಯ ಡಬ್ಬಿಯ ಮೇಲೇ ಇತ್ತು.

"ಇದು ಅಮೆರಿಕದವ್ರು ಮಾಡಿದ ತಪ್ಪಲ್ಲ," ಎಂದೆ. "ಅವ್ರಾಗಿದ್ರೆ ನೀವು ಹೇಳಿದ ಹಾಗೆ ಕಿತ್ತಿರೋರು. ನಮ್ಮೂರಲ್ಲಿ ಕಾಳು ಬಲಿಯೋವರೆಗೂ ಕಾಯ್ತೀವಿ. ಅದಕ್ಕೇ ಕಾದೆ."

ನಿಮ್ಮೂರು ಯಾವುದು ಎಂದು ಅವರು ಆಗ ಮೊದಲ ಸಲ ಕೇಳಿದರು. ಅವರೆಕಾಯಿ, ಚಳಿಗಾಲ, ರಸ್ತೆ ಬದಿಯಲ್ಲಿ ರಾಶಿ ಹಾಕಿಕೊಂಡು ಮಾರುವುದು, ಮನೆಮಂದಿಯೆಲ್ಲ ಕೂತು ಹಿತಕುವುದು, ಎಲ್ಲ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡು, ಡಬ್ಬಿಯನ್ನು ಫ್ರೀಜರಿನಲ್ಲಿಟ್ಟು, ಈಗ ಸ್ವಲ್ಪ ಮಲಗುತ್ತೇನೆ ಎಂದರು.

ಸಂಜೆ ಹೆಂಡತಿ ಹೆಲ್ಮೆಟ್ಟು ಬಿಚ್ಚುವ ಮೊದಲೇ ವಿಷಯ ಹೇಳಿದೆ.

"ರೀ, ಅಷ್ಟು ಹೇಳಿದಾರೆ, ಬೀಜಕ್ಕೆ ಬಿಡ್ಬೇಕು ಅಂತ ಹೊಳೀಲಿಲ್ವಾ ನಿಮ್ಗೆ?"

"ನೀನೂ ಕೂತು ಹಿತಕ್ದೆ ತಾನೆ."

"ನಾನು ಹಿತಕ್ದೆ, ಬೀಗದಕೈ ನಿಮ್ಮತ್ರ ಇತ್ತು," ಎಂದವಳು ಅಲ್ಲೇ ನಿಂತಳು. "ಇರಿ. ನನ್ನ ಆಟದ ಕಾಳು ಇದೆಯಲ್ಲ."

ಆರು ಮೊಟ್ಟೆಯ ಎರಡು ಡಬ್ಬಿ, ಎರಡು ಟೀ ಕಪ್ಪು ಸೇರಿಸಿ ಹದಿನಾಲ್ಕು ಗುಳಿ ಮಾಡಿಕೊಂಡು, ಮಧ್ಯಾಹ್ನದ ಹೊತ್ತು ಆಫೀಸಿನಲ್ಲಿ ಜೊತೆಯವಳಿಗೆ ಅಳಗುಳಿಮಣೆ ಕಲಿಸುತ್ತಿದ್ದಳಂತೆ. ಗುಳಿಗೆ ನಾಲ್ಕರಂತೆ ಐವತ್ತಾರು ಕಾಳು. ಮಾರನೆಯ ದಿನ ಕಾರ್ಪೆಟ್ಟಿನ ಅಡಿ, ಹೀಟರಿನ ಹಿಂದೆ ಎಲ್ಲ ಹುಡುಕಿ ನಲವತ್ಮೂರು ತಂದಳು.

ಪಕ್ಕದ ಮನೆಯವರು ಟೇಬಲ್ಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಪುಸ್ತಕ ರಿಪೇರಿಯ ಭೂತಗನ್ನಡಿ ತಂದು, ಒಂದೊಂದನ್ನೇ ತಿರುಗಿಸಿ ನೋಡಿದರು. ಸೀಳಿದ್ದ ಐದನ್ನು ಆಚೆ ಸರಿಸಿದರು. ಮೂವತ್ತೆಂಟು ಉಳಿದವು. ಇವು ಹುಟ್ಟುತ್ತವೋ ಇಲ್ಲವೋ ಗೊತ್ತಿಲ್ಲ ಎಂದರು. ಅಲ್ಲಿಂದ ಮೇ ತಿಂಗಳವರೆಗೆ ಯಾರಿಗೂ ಗೊತ್ತಿರಲಿಲ್ಲ. ಚಳಿಗಾಲದಲ್ಲಿ ಭಾನುವಾರ ಅವರು ನಮ್ಮ ಮನೆಗೆ ಅಳಗುಳಿಮಣೆ ಆಡಲು ಬರುತ್ತಿದ್ದರು. ಹಳೆಯ ಕೋಟಿನ ಗುಂಡಿಗಳನ್ನು ಚೀಲದಲ್ಲಿ ತರುವರು. ಬೀಜಗಳಿಗೆ ರಜೆ ಎನ್ನುವರು. ಆಟ ಬೇಗ ಕಲಿತು ನನ್ನನ್ನು ತಪ್ಪದೆ ಸೋಲಿಸುತ್ತಿದ್ದರು. ನಾನು ಬೇಕೆಂದೇ ಸೋಲುತ್ತಿರಲಿಲ್ಲ, ನನಗೆ ಆಡಲು ಬರುವುದಿಲ್ಲ.

ಮೇ ತಿಂಗಳಲ್ಲಿ ಮತ್ತೆ ಕೋಲು ಹಿಡಿದುಕೊಂಡೆ. ಈ ಸಲ ಎಲ್ಲವನ್ನೂ ಊರಲಿಲ್ಲ. ಮೂವತ್ತು ಊರಿ, ಎಂಟನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟರು. ಹತ್ತು ದಿನ ಏನೂ ಕಾಣಲಿಲ್ಲ. ದಿನಾ ಬೆಳಗ್ಗೆ ಒಬ್ಬನೇ ಹೋಗಿ ಬಗ್ಗಿ ನೋಡಿ ಬರುತ್ತಿದ್ದೆ. ಒಮ್ಮೊಮ್ಮೆ ಸೆಕ್ರೆಟರಿಯೂ ಬಂದು ಬಗ್ಗಿ ನೋಡುವರು. ಹನ್ನೆರಡನೆಯ ದಿನ ಮಣ್ಣು ಬಿರಿದಿತ್ತು. ನಾವು ಜೂನಿನಲ್ಲಿ ಹೊರಡುವ ಹೊತ್ತಿಗೆ ಇಪ್ಪತ್ತೊಂದು ಬಳ್ಳಿ ಕೋಲು ಹಿಡಿದಿದ್ದವು.

ಹೊರಡುವ ಹಿಂದಿನ ದಿನ ಅವರು ಆ ತಗಡಿನ ಡಬ್ಬಿಯನ್ನೂ ಒಂದು ಕಪ್ಪು ಮಾರ್ಕರನ್ನೂ ನನ್ನ ಮುಂದಿಟ್ಟರು.

"ತಿನ್ನಬೇಡಿ ಅಂತ ಬರೀರಿ. ನಿಮ್ಮ ಭಾಷೇಲಿ."

"ಇಲ್ಲಿ ಅದನ್ನ ಓದೋರು ಯಾರಿದಾರೆ?"

"ಬೇರೆ ಯಾರೂ ಓದ್ಬೇಕಾಗಿಲ್ಲ. ತಿಂದವ್ರು ನೀವೇ ತಾನೆ."

ದೊಡ್ಡ ಅಕ್ಷರದಲ್ಲಿ ಬರೆದೆ. ಕನ್ನಡ ಬರೆದು ವರ್ಷಗಳಾಗಿದ್ದರಿಂದ ಸೊಟ್ಟಗೆ ಬಂತು. ಅವರು ಅದನ್ನು ಅಡುಗೆಮನೆಯ ಶೆಲ್ಫಿನ ಮೇಲೆ, ಅಕ್ಷರ ಈಚೆ ಕಾಣುವ ಹಾಗೆ ಇಟ್ಟರು.

ಸ್ಯಾನ್ ರಮೋನಿಗೆ ವಾಪಸ್ ಬಂದೆವು, ನಾನು ಅಮೆರಿಕನ್ ಆಗಿದ್ದು ಅಲ್ಲಿಗೆ ಮುಗಿಯಿತು. ಹಿತ್ತಿಲಲ್ಲಿ ಮೂರನೆಯ ಸಲ ಅವರೆ ಹಾಕಿದ್ದೇನೆ, ಅಳಿಲೂ ಇದೆ. ಹೋದ ತಿಂಗಳು ಅವರಿಂದ ಒಂದು ಫೋಟೋ ಬಂತು. ಡಬ್ಬಿಯ ಮುಚ್ಚಳ ತೆಗೆದಿದೆ, ಅಂಚಿನವರೆಗೂ ನೇರಳೆ ಕಾಳು. ಅಕ್ಷರ ಅಳಿಸಿಹೋಗುತ್ತಿದೆ, ಕಾಗದದಲ್ಲಿ ಹೊಸದಾಗಿ ಬರೆದು ಕಳಿಸಿ, ಅಂಟಿಸಿಕೊಳ್ಳುತ್ತೇನೆ ಎಂದು ಕೆಳಗೆ ಬರೆದಿದ್ದರು. ನಿನ್ನೆ ಬರೆದು ಪೋಸ್ಟಿಗೆ ಹಾಕಿ ಬಂದೆ.