ಕಟಕೋಳದಲ್ಲಿ ತುಂಬಿದ ಉಡಿ

ಕಿತ್ತೂರಿನಿಂದ ಬೆಳಗಿನ ಬಸ್ಸಿಗೆ ಹೊರಟಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಬೈಲಹೊಂಗಲಕ್ಕೆ ಶೂನ್ಯ ರೂಪಾಯಿಯ ಟಿಕೆಟ್ ಕೊಟ್ಟ. ಆ ದಿನ ನನ್ನ ಕಂಪನಿಯ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಕಂಪನಿಯೆಂದರೆ, ಬೈಲಹೊಂಗಲದಿಂದ ರಾಮದುರ್ಗದವರೆಗಿನ ಹೆಣ್ಣುಮಕ್ಕಳು ಮಾಡುವ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳನ್ನು ಪ್ಯಾಟಿಯ ಮಂದಿಗೆ ಮುಟ್ಟಿಸುವ ಒಂದು ಆಪ್. ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರದ ಹೆಂಗಸರನ್ನು ಊರೂರು ತಿರುಗಿ ಕೂಡಿಸಿದವಳು ನಾನು. ಕೂಡಿದ ಮೇಲೆ ಅವರೇ ಒಂದು ರೂಢಿ ಹಾಕಿಕೊಂಡರು. ಒಬ್ಬಳಿಗೆ ದೊಡ್ಡ ಆರ್ಡರ್ ಬಂದರೆ ಉಳಿದವರು ಹೋಗಿ ರೊಟ್ಟಿ ಬಡಿದು ಕೊಡುವುದು, ನಾಳೆ ಅವರ ಮನೆಗೆ ಇವಳು ಹೋಗುವುದು. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುತ್ತಾರಲ್ಲ, ಹಾಗೆ.

ಹುಬ್ಬಳ್ಳಿಯ ನನ್ನ ಪಾಲುದಾರ ಪ್ರಸಾದನಿಗೆ ಇದು ತಲೆಗೆ ಹತ್ತಲಿಲ್ಲ. ನಾನು ಬೇಡವೆಂದು ಬಡಕೊಂಡರೂ ಒಬ್ಬೊಬ್ಬಳ ಹೆಸರಿನ ಮುಂದೆ ರೇಟಿಂಗಿನ ಚುಕ್ಕಿ ಹಾಕಿಸಿದ. ಗಿರಾಕಿಗಳು ಹೆಚ್ಚು ಚುಕ್ಕಿ ಕೊಟ್ಟವಳಿಗೆ ಆರ್ಡರ್ ಮೊದಲು. ವೇದಿಕೆ ಹತ್ತಿದರೆ ಮಾತ್ರ ಅವನ ಬಾಯಲ್ಲಿ ‘ಕಮ್ಯುನಿಟಿ’ ಬಿಟ್ಟು ಬೇರೆ ಮಾತಿಲ್ಲ. ನೋಡನೋಡುತ್ತ ಹೆಂಗಸರೆಲ್ಲ ಆಪ್ ಬಿಟ್ಟರು. ಸೋಮವಾರ ಬಂಡವಾಳ ಹಾಕುವವರು ಬರುವವರಿದ್ದರು. ಅಷ್ಟರೊಳಗೆ ಇವರು ಮರಳದಿದ್ದರೆ ಕಂಪನಿಗೆ ಬೀಗ. ಚುಕ್ಕಿ ತೆಗೆಸುವುದಾಗಿ ಪ್ರಸಾದನಿಂದ ಮಾತು ತೆಗೆದುಕೊಂಡೇ ಹೊರಟಿದ್ದೆ. “ನೀ ಹೋದ್ರ ಬರತಾರ. ನಿನ್ನ ಮಂದಿ ಅಲ್ಲೇನು?” ಅಂದಿದ್ದ. ನಾನೂ ಅದನ್ನೇ ನಂಬಿದ್ದೆ.

ಬೈಲಹೊಂಗಲದಲ್ಲಿ ಬಿಸಿ ಮಿರ್ಚಿ ತಿಂದು, ಚಹಾ ಕುಡಿದು ಮುರಗೋಡದ ಬಸ್ಸು ಹಿಡಿದೆ. ಕಿತ್ತೂರಿನ ಕೆಂಪು ಮಣ್ಣು ಹಿಂದುಳಿದು ಎರೆಹೊಲ ಶುರುವಾಗಿತ್ತು, ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಮುರಗೋಡದಲ್ಲಿ ಗಂಗವ್ವನ ಮನೆ. ನನ್ನ ಮಾತು ನಂಬಿ ಮೊಟ್ಟಮೊದಲು ಗುಂಪಿಗೆ ಬಂದವಳು ಅವಳು. ಬಾಗಿಲಿಗೆ ಕೀಲಿ ಬಿದ್ದಿತ್ತು.

“ಕಟಕೋಳದಾಗ ಶಿವಲೀಲಾನ ಮನ್ಯಾಗ ಮದವಿ ರೊಟ್ಟಿ ಬಡಿಯಾಕ ಹತ್ಯಾರ್ರಿ, ಅಲ್ಲಿ ಹೋಗ್ಯಾಳ. ನಿಮಗ ಹೇಳಿಲ್ಲೇನ್ರಿ?” ಎಂದು ನೆರೆಯಾಕೆ ಕೇಳಿದಳು.

ಹೇಳಿರಲಿಲ್ಲ. ಮುರಗೋಡದ ಗಂಗವ್ವನಿಗೆ ಕಟಕೋಳದ ಶಿವಲೀಲಾಳ ಗುರುತು ಮಾಡಿಕೊಟ್ಟವಳೇ ನಾನು.

ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ನಿಂತುಕೊಂಡೇ ಕಟಕೋಳ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಶಿವಲೀಲಾಳ ಮನೆ ಕೇಳಬೇಕಾಗಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಗೇ ಕೇಳುತ್ತಿತ್ತು. ಅಂಗಳದ ತುಂಬ ನನ್ನವರೇ, ರಾಮದುರ್ಗದ ಕಡೆಯ ಸುರೇಬಾನದವರೂ ಇದ್ದರು. ಎಲ್ಲರೂ ನಕ್ಕರು, ಎದ್ದರು, ಕೈಹಿಡಿದರು. ಶಿವಲೀಲಾ ಒಳಗಿನಿಂದ ಒಂದು ಕುರ್ಚಿ ತಂದು ಹಾಕಿದಳು.

ಚುಕ್ಕಿ ತೆಗೆಸುತ್ತೇವೆ, ಮರಳಿ ಬನ್ನಿ ಎಂದೆ.

“ಅಕ್ಕಾರ, ಗಂಗವ್ವನ ರೊಟ್ಟಿಗೆ ಮೂರು ಚುಕ್ಕಿ, ನನ್ನವಕ್ಕ ಐದು ಬಂದಿದ್ವು,” ಎಂದಳು ಶಿವಲೀಲಾ. “ಬಡದಾಕಿ ಆಕಿ, ಬೇಯಿಸಿದಾಕಿ ನಾನು. ಎರಡೂ ಒಂದ ಹಂಚಿನ ರೊಟ್ಟಿ. ಆಮ್ಯಾಲೆ ಒಂದು ತಿಂಗಳು ನಾವಿಬ್ರೂ ಮಾತಾಡಲಿಲ್ಲ.”

“ಅದಕ್ಕ ತೆಗೆಸಾಕ ಹತ್ತೇನಲ್ಲ!”

“ತೆಗೀರಿ. ನಮಗೀಗ ಆಪಿನ ಜರೂರ ಇಲ್ರಿ,” ಎಂದಳು ಗಂಗವ್ವ, ತಲೆ ಎತ್ತದೆ. “ಫೋನಿನ್ಯಾಗ ನಮ್ಮದ ಒಂದು ಗುಂಪು ಮಾಡೇವಿ. ನೀವು ಕೂಡಿಸಿದ್ರಿ, ಅದನ್ನೇನು ಮರತಿಲ್ಲ.”

“ಹಂಗಾದ್ರ ಆ ಗುಂಪಿಗೆ ನನ್ನನ್ನೂ ಸೇರಿಸ್ರಿ.”

ಶಿವಲೀಲಾ ಹಂಚಿನ ಮೇಲಿನ ರೊಟ್ಟಿ ಮಗುಚಿದಳು. ನಾನೇ ಎದ್ದು ಕೈತೊಳೆದು ಒಂದು ಹಿಟ್ಟಿನ ಉಂಡೆ ಎತ್ತಿಕೊಂಡೆ. “ಅಯ್ಯ, ನೀವ್ಯಾಕ್ರಿ! ಮ್ಯಾಲ ಕುಂದರ್ರಿ,” ಎಂದು ಗಂಗವ್ವ ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. ಬೈದಿದ್ದರೆ ಜಗಳವಾದರೂ ಆಡುತ್ತಿದ್ದೆ. ಏರಿ ನಿಂತ ಮೇಲೆ ಏಣಿ ಒದೆಯುವವರು ಇಷ್ಟು ಮರ್ಯಾದೆಯಿಂದ ಒದೆಯುತ್ತಾರೆಂದು ಗೊತ್ತಿರಲಿಲ್ಲ. ಬಿಸಿರೊಟ್ಟಿ, ಬದನೆಕಾಯಿ ಎಣಗಾಯಿ, ಕೆನೆಮೊಸರು ಬಡಿಸಿದರು. ರುಚಿಯಾಗಿತ್ತು, ಒಂದೇ ರೊಟ್ಟಿಗೆ ಎದ್ದೆ.

ಹೊರಟಾಗ ಶಿವಲೀಲಾ ಕುಂಕುಮ ಹಚ್ಚಿ, ನನ್ನ ದುಪಟ್ಟಾ ಹಿಡಿಸಿ, ಅಕ್ಕಿ, ತೆಂಗಿನಕಾಯಿ, ಕುಬಸದ ಬಟ್ಟೆ ಹಾಕಿ ಉಡಿ ತುಂಬಿದಳು. ಎಲ್ಲರೂ ಬಾಗಿಲವರೆಗೆ ಬಂದರು. ಯರಗಟ್ಟಿಯವರೆಗೆ ಜೊತೆಯಾಗುವಳೇನೋ ಎಂದು ಗಂಗವ್ವನನ್ನು ಕೇಳಿದೆ. “ನೀವು ಮುಂದ ಆಗ್ರಿ. ಇವು ಮುಗಿಸಿ ಹೊತ್ತು ಮುಣಗೂದ್ರಾಗ ಹೋಗತೇನಿ, ನಾಡಿದ್ದ ಮತ್ತ ಬರೂದೈತಿ,” ಎಂದಳು. ಅವಳೂ ಪರವೂರಿನವಳೇ. ಅವಳ ಉಡಿ ಯಾರೂ ತುಂಬುವುದಿಲ್ಲ, ಅದು ಬಂದು ಹೋಗುವವರಿಗೆ.

ಸವದತ್ತಿಯ ಸ್ಟ್ಯಾಂಡಿನಲ್ಲಿ ಧಾರವಾಡದ ಬಸ್ಸು ಕಾಯುತ್ತಿದ್ದಾಗ ಪ್ರಸಾದನ ಫೋನು ಬಂತು.

“ಏನಂದ್ರು?”

“ಉಡಿ ತುಂಬಿ ಕಳಿಸ್ಯಾರ.”

“ನಾ ಹೇಳಿದ್ದಿಲ್ಲೇನು, ನಿನ್ನ ಮಂದಿ ಅಂತ!” ಎಂದು ಅವನು ಖುಷಿಯಿಂದ ನಕ್ಕ.