ರತಿಯ ಸೆರಗು

ರತಿಯ ಸೆರಗು ಭುಜದಿಂದ ಜಾರಿದೊಡನೆ ಜನರೆಲ್ಲ ಹೋ ಎಂದು ಕೂಗಿದರು. "ರತಿಬಾಯಿ, ಸೆರಗ ಹೊದ್ಕೊಳ್ರಿ, ಮಾವ ಬಂದಾನ!" ಎಂದ ಒಬ್ಬ.

ರತಿಯಾಗಿ ಕೂತವರು ನನ್ನ ಗೆಳತಿ ಗಂಗವ್ವನ ಗಂಡ ಚನ್ನಪ್ಪನವರು. ಯುದ್ಧದ ಕಾಲದ ಆ ಬೇಸಿಗೆ, ಹೋಳಿ ನೋಡಲೆಂದು ನಾನೂ ಇನ್ನೊಬ್ಬ ಗೆಳತಿಯೂ ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಗಂಗವ್ವನ ಮನೆಗೆ ಹೋಗಿದ್ದೆವು. ಅಲ್ಲಿ ಕಾಮ-ರತಿಯರಾಗಿ ಗಂಡಸರೇ ಗೊಂಬೆಗಳಂತೆ ಕೂರುತ್ತಾರೆ. ಜನ ಎಷ್ಟೇ ನಗಿಸಿದರೂ ಅವರು ನಗಬಾರದು, ಕೈ ಅಲುಗಿಸಬಾರದು. ಚನ್ನಪ್ಪನವರೋ ಮಾತಿಗೊಮ್ಮೆ ನಗುವವರು. "ಇವರು ನಕ್ಕರ ನಾ ಓಣ್ಯಾಗ ತಲಿ ಎತ್ತಂಗಿಲ್ಲವ್ವಾ" ಎಂದು ಗಂಗವ್ವ ಮುಂಜಾನೆಯಿಂದ ಒಂದು ತುತ್ತೂ ತಿಂದಿರಲಿಲ್ಲ.

ಗಂಡಸರ ಗುಂಪಿನೆದುರು ಎಂದೂ ನಿಲ್ಲದವಳು ಈಗ ಎದ್ದು ನಡೆದೇಬಿಟ್ಟಳು. ರತಿಯ ಸೆರಗನ್ನು ಸರಿಮಾಡಿ, ತನ್ನ ಬಳೆಯಲ್ಲಿದ್ದ ಪಿನ್ನನ್ನು ತೆಗೆದು ಚುಚ್ಚಿ, "ನನ್ನ ಮದವಿ ಸೀರಿ ಇದು. ಹರದ್ರ ಈ ಬಟ್ಟಿ ರೇಶನ್ ದಿನದಾಗ ಇಂಥಾದ್ದು ಸಿಗಂಗಿಲ್ಲ. ನೆಟ್ಟಗ ಕುಂದರ್ರಿ!" ಎಂದು ಗದರಿದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದಲ್ಲಿದ್ದ ಕಾಮನೂ ತಡೆಯಲಾರದೆ ಫಕ್ಕನೆ ನಕ್ಕುಬಿಟ್ಟ. ರತಿ ಮಾತ್ರ ರೆಪ್ಪೆ ಕೂಡ ಬಡಿಯಲಿಲ್ಲ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಚನ್ನಪ್ಪನವರು ಕಟ್ಟಿಟ್ಟ ನಗುವನ್ನೆಲ್ಲ ಒಮ್ಮೆಲೇ ನಕ್ಕರು. ಕಣ್ಣೀರಿನ ಜೊತೆ ಕಾಡಿಗೆ ಇಳಿದು ಸೆರಗಿಗೆ ಹತ್ತಿತು. ಗಂಗವ್ವ ಬೈಯಲಿಲ್ಲ, ಎದುರಿಗೆ ಕೂತು ತಾನೂ ನಕ್ಕಳು. ಈಗಲೂ ಅವಳು ಆ ಸೀರೆ ಉಟ್ಟು ಬಂದರೆ ನನ್ನ ಕಣ್ಣು ಮೊದಲು ಆ ಕಪ್ಪು ಕಲೆಯನ್ನು ಹುಡುಕುತ್ತದೆ.