ಡೋಲು ಕೂತ ಸೀಟು

ಬೀದಿಯ ಜನ ಅವನ ಹೆಸರು ಮರೆತು ವರ್ಷಗಳೇ ಆದವು. ಎಲ್ಲರಿಗೂ ಅವನು ಡೋಲು. ಯಾರಾದರೂ ಬಾಗಿಲಲ್ಲಿ ನಿಂತು "ಡೋಲು ಇದ್ಯಾ?" ಎಂದು ಕೇಳಿದರೆ ವಾದ್ಯವನ್ನು ಕೇಳುತ್ತಿದ್ದಾರೋ ಗಂಡನನ್ನೋ ಎಂದು ಅವನ ಹೆಂಡತಿಗೇ ಒಮ್ಮೊಮ್ಮೆ ಅನುಮಾನ ಬರುತ್ತದೆ. ಹೊಟ್ಟೆಪಾಡಿಗೆ ಅವನು ಬಸ್ಸು, ಲಾರಿಗಳ ಸೀಟು ಹೊಲಿಯುತ್ತಾನೆ. ಹರಿದ ರೆಕ್ಸಿನ್ ಕಿತ್ತು, ಕುಸಿದ ಸ್ಪಂಜು ಬದಲಿಸಿ, ಹೊಸ ಹೊದಿಕೆ ಎಳೆದು ಬಿಗಿಯುವಾಗ ಅವನ ಬಾಯಿಯಲ್ಲಿ ಸದಾ ನಾಲ್ಕು ಮೊಳೆ ಇರುತ್ತವೆ. ಆ ಮೊಳೆ ಇದ್ದಷ್ಟು ಹೊತ್ತು ಮಾತ್ರ ಅವನ ಬಾಯಿ ಸುಮ್ಮನಿರುತ್ತದೆ ಎಂದು ಅವನ ಅಕ್ಕ ಹೇಳುವುದುಂಟು, ಮತ್ತು ಅಕ್ಕ ಹೇಳುವುದು ಸುಳ್ಳಲ್ಲ.

ದೇಶದ ಫುಟ್‌ಬಾಲ್ ತಂಡ ಆಡುವ ದಿನ ಅಂಗಡಿಗೆ ಬೀಗ. ಅವತ್ತು ಬೀದಿಯ ಗಂಡಸರಲ್ಲಿ ಅರ್ಧ ಜನ ಬಾಡಿಗೆ ಬಸ್ಸು ಹಿಡಿದು ರಾಷ್ಟ್ರೀಯ ಕ್ರೀಡಾಂಗಣಕ್ಕೆ ಹೊರಡುತ್ತಾರೆ. ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಡೋಲು ಇಟ್ಟುಕೊಂಡು ಇವನು. ಗೇಟಿನಲ್ಲಿ ಕಾವಲಿನವರು ಡೋಲನ್ನು ತಟ್ಟಿ, ಅಲ್ಲಾಡಿಸಿ, ಮೂಸಿಯೂ ನೋಡುತ್ತಾರೆ. ಆಮೇಲೆ ಮಬ್ಬುಗತ್ತಲಿನ ಸಿಮೆಂಟು ಮೆಟ್ಟಿಲು. ಮುಂದಿನವನ ಬೆವರಿನ ಬೆನ್ನು ಬಿಟ್ಟರೆ ಏನೂ ಕಾಣದು. ಕೊನೆಯ ಮೆಟ್ಟಿಲು ಹತ್ತಿದ ತಕ್ಷಣ ಕಣ್ಣು ತುಂಬ ಹಸಿರು. ಎಷ್ಟು ಸಲ ಹೋದರೂ ಆ ಹಸಿರು ಕಂಡಾಗ ಡೋಲು ಮೆಟ್ಟಿಲಲ್ಲೇ ನಿಂತುಬಿಡುತ್ತಾನೆ, ಹಿಂದಿನವರು ತಳ್ಳಬೇಕು. ಆಮೇಲೆ ಅವನು ಅಲ್ಲಿನ ಪ್ಲಾಸ್ಟಿಕ್ ಸೀಟುಗಳನ್ನು ಬೈಯಲು ಶುರು ಮಾಡುತ್ತಾನೆ. "ಇದನ್ನ ಸೀಟು ಅಂತಾರಾ? ಮಗ್ ಮಗುಚಿಟ್ಟಂಗಿದೆ!" ಎಂದು. ಅಲ್ಲಿ ಕೂರುವವರು ಯಾರೂ ಇಲ್ಲ, ತೊಂಬತ್ತು ನಿಮಿಷವೂ ನಿಂತೇ ಇರುತ್ತಾರೆ, ಆ ಮಾತು ಬೇರೆ.

ಅಕ್ಕನ ಗಂಡ, ಅಂದರೆ ಡೋಲುವಿನ ಭಾವ, ನೀರುಗಂಟಿ. ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೀಲಿ ಹೊತ್ತು ಸೈಕಲ್ಲಿನಲ್ಲಿ ಬೀದಿಯಿಂದ ಬೀದಿಗೆ ಹೋಗಿ, ನೆಲದೊಳಗಿನ ವಾಲ್ವ್ ತಿರುಗಿಸಿ ನಲ್ಲಿಗಳಿಗೆ ನೀರು ಬಿಡುವುದು ಅವರ ಕೆಲಸ. ಮಾತು ಕಡಿಮೆ. ಸೈಕಲ್ಲಿನ ಕಿರುಗುಟ್ಟುವ ಸದ್ದು ಕೇಳಿದರೆ ಸಾಕು, ಮನೆಮನೆಯಲ್ಲೂ ಬಿಂದಿಗೆ, ಬಕೆಟ್ಟು ಸಾಲಾಗುತ್ತವೆ. ಫುಟ್‌ಬಾಲ್ ಎಂದರೆ ಅವರಿಗೂ ಪ್ರಾಣ, ಆದರೆ ನೀರು ಬಿಡುವವನಿಗೆ ರಜೆ ಎಲ್ಲಿಯದು? ಕ್ರೀಡಾಂಗಣಕ್ಕೆ ಬರಲು ಅವರಿಗೆ ಮೊದಲ ಸಲ ಬಿಡುವು ಸಿಕ್ಕಿದ್ದು ತಲೆಗೂದಲು ಬೆಳ್ಳಗಾದ ಮೇಲೆ.

ಅವತ್ತು ಕೆಲಸ ಮುಗಿಸಿ ಬರುವುದರಲ್ಲಿ ಆಟ ಶುರುವಾಗಿತ್ತು. ಭಾವ ಜನರ ಮೊಣಕಾಲುಗಳನ್ನು ದಾಟುತ್ತ, ಎಲ್ಲರಿಗೂ "ಸ್ವಲ್ಪ, ಸ್ವಲ್ಪ" ಎನ್ನುತ್ತ ಬಂದು ಡೋಲುವಿನ ಪಕ್ಕ ಕಾಲಿಟ್ಟರು. ಅದೇ ಗಳಿಗೆಗೆ ಎದುರು ತಂಡದವರು ಗೋಲು ಹೊಡೆದರು. ಸುತ್ತ ಎಲ್ಲರ ಮುಖವೂ ಇಳಿದುಹೋಯಿತು. ಡೋಲುವಿಗೆ ಆ ಮೌನ ತಡೆಯಲಾಗಲಿಲ್ಲ. ಕೈಯೆತ್ತಿ, ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದ.

"ಏನ್ ಭಾವ, ಎಂಥಾ ಕಾಲ್ಗುಣ ನಿಮ್ದು!"

ಜನ ಬಿದ್ದು ಬಿದ್ದು ನಕ್ಕರು. ಭಾವನೂ ನಕ್ಕರು. ಕಾಲ್ಗುಣ ಎನ್ನುವ ಮಾತು ಹೊಸದಾಗಿ ಬಂದ ಸೊಸೆಯ ಮೇಲೋ, ಹುಟ್ಟಿದ ಕೂಸಿನ ಮೇಲೋ ಬೀಳುವುದು ವಾಡಿಕೆ. ಕನ್ನಡಕ ಹಾಕಿದ ನೀರುಗಂಟಿಯ ಮೇಲೆ ಬಿದ್ದದ್ದು ಅದೇ ಮೊದಲಿರಬೇಕು. ಬಿದ್ದದ್ದು ಏಳಲೂ ಇಲ್ಲ. ಅವತ್ತು ತಂಡ ಸೋತಿತು, ಭಾವ ಬಂದ ಮುಂದಿನ ಪಂದ್ಯವನ್ನೂ ಸೋತಿತು. ಅಲ್ಲಿಂದ ಮುಂದೆ ಬೀದಿಯಲ್ಲಿ ಕರೆಂಟು ಹೋದರೂ ಭಾವನ ಕಾಲ್ಗುಣ, ಯಾರದೋ ಮದುವೆಯಲ್ಲಿ ಅನ್ನ ತಳ ಹತ್ತಿದರೂ ಭಾವನ ಕಾಲ್ಗುಣ. ಪ್ರತಿದಿನ ಅದೇ ಕಾಲಿನ ಜೊತೆ ಮನೆಗೆ ನೀರು ಬರುತ್ತಿತ್ತಲ್ಲ, ಅದನ್ನು ಒಬ್ಬರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಭಾವ ಎಲ್ಲದಕ್ಕೂ ನಗುತ್ತಿದ್ದರು. ನಗುತ್ತಾರಲ್ಲ, ಮತ್ತೇನು, ಎಂದುಕೊಂಡು ಡೋಲು ಆರಾಮವಾಗಿದ್ದ.

ಅದೇ ವರ್ಷ ಇನ್ನೊಂದು ಪಂದ್ಯಾವಳಿಯಲ್ಲಿ ತಂಡ ಫೈನಲ್ ತಲುಪಿತು. ಬೀದಿಗೆ ಬೀದಿಯೇ ಹುಚ್ಚೆದ್ದಿತ್ತು. ಟಿಕೆಟ್ಟುಗಳನ್ನು ತರುವ ಜವಾಬ್ದಾರಿ ಎಂದಿನಂತೆ ಡೋಲುವಿನದು. ಭಾವನಿಗೂ ಸೇರಿಸಿಯೇ ತಂದಿದ್ದ. ಆದರೆ ಕ್ಷೌರದಂಗಡಿಯವನು, ಬೀದಿಯ ಅಭಿಮಾನಿಗಳಿಗೆಲ್ಲ ತಾನೇ ಹಿರಿಯ ಎಂದುಕೊಂಡವನು, ಕತ್ತರಿ ಆಡಿಸುವುದನ್ನು ನಿಲ್ಲಿಸಿ ಹೇಳಿದ.

"ನೋಡಪ್ಪಾ, ನಿನ್ ಭಾವ ಬಂಗಾರದಂಥ ಮನುಷ್ಯ. ಆದ್ರೆ ಇದು ಫೈನಲ್ಲು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಜನ ನಿನ್ನ ಸುಮ್ನೆ ಬಿಡಲ್ಲ."

ಡೋಲು ನಕ್ಕು ತಳ್ಳಿಹಾಕಿದ. ಮನೆಗೆ ಬಂದ ಮೇಲೆ ನಗು ಹೋಗಿ ಮಾತಷ್ಟೇ ಉಳಿಯಿತು. ಮಾರನೆಯ ದಿನ ಭಾವ ತಾವೇ ಅಂಗಡಿಗೆ ಬಂದರು. ಕೀಲಿಯನ್ನು ಗೋಡೆಗೆ ಒರಗಿಸಿ, ಹೊಲಿಯಲು ಬಂದ ಬಸ್ಸಿನ ಸೀಟಿನ ಅಂಚಿನಲ್ಲಿ ಕೂತರು.

"ಈ ಸಲ ನಂಗೂ ಒಂದು ಟಿಕೆಟ್ ಸಿಗುತ್ತೇನೋ? ರಜೆ ಕೇಳಿದ್ದೆ. ಕೊಟ್ರು."

ಡೋಲುವಿನ ಬಾಯಿಯಲ್ಲಿ ಮೊಳೆಗಳಿದ್ದವು. ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕುವಷ್ಟು ಹೊತ್ತು ಅವನಿಗೆ ಸಿಕ್ಕಿತು. ನಿಜ ಹೇಳಲು ಅಷ್ಟು ಹೊತ್ತು ಧಾರಾಳ ಸಾಕಾಗಿತ್ತು.

"ಸಿಗಲಿಲ್ಲ ಭಾವ. ಎಷ್ಟ್ ಒದ್ದಾಡಿದೆ ಗೊತ್ತಾ? ಸಿಗಲೇ ಇಲ್ಲ."

ಟಿಕೆಟ್ಟು ಅವನ ಅಂಗಿಯ ಜೇಬಿನಲ್ಲೇ ಇತ್ತು. ತೆಳು ಬಟ್ಟೆ. ಕಾಣುತ್ತದೇನೋ ಎಂದು ಹೆದರಿ ಎದೆಯ ಮೇಲೆ ಕೈಯಿಟ್ಟುಕೊಂಡ. ಭಾವನಿಗೆ ಅದು ಆಣೆ ಮಾಡಿದ ಹಾಗೆ ಕಂಡಿರಬೇಕು.

"ಅಯ್ಯೋ, ಅದಕ್ಯಾಕೆ ಅಷ್ಟೊಂದು ಬೇಜಾರು ಮಾಡ್ಕೊಳ್ತೀಯ? ಬಿಡೋ," ಎಂದು ಇವನನ್ನೇ ಸಮಾಧಾನ ಮಾಡಿ, ಕೀಲಿ ಹೊತ್ತು ಹೊರಟರು.

ಫೈನಲ್ಲಿನ ದಿನ ಕ್ರೀಡಾಂಗಣದಲ್ಲಿ ಸೂಜಿ ಹಾಕಿದರೂ ಬೀಳುವ ಜಾಗ ಇರಲಿಲ್ಲ. ಡೋಲುವಿನ ಪಕ್ಕದ ಒಂದು ಸೀಟು ಮಾತ್ರ ಖಾಲಿ. ಹಿಂದಿನ ಸಾಲಿನವನೊಬ್ಬ ಬಗ್ಗಿ "ಇಲ್ಲಿ ಯಾರಾದ್ರೂ ಇದಾರಾ?" ಎಂದು ಕೇಳಿದ. "ಇದಾರೆ" ಎಂದುಬಿಟ್ಟ ಡೋಲು. ಹಾಗೆಂದ ಮೇಲೆ ಯಾರನ್ನಾದರೂ ತೋರಿಸಬೇಕಲ್ಲ, ಕೊರಳಿನ ಡೋಲು ಇಳಿಸಿ ಆ ಸೀಟಿನ ಮೇಲಿಟ್ಟ. ಜೀವಮಾನವೆಲ್ಲ ಊರವರಿಗೆ ಕೂರಲು ಸೀಟು ಹೊಲಿದುಕೊಟ್ಟವನು ಅವತ್ತು ಭಾವನ ಸೀಟಿನ ಮೇಲೆ ತೊಗಲಿನ ಡಬ್ಬವನ್ನು ಕೂರಿಸಿ, ಬಗ್ಗಿ ನಿಂತೇ ಬಾರಿಸಿದ. ಆಟದ ಕೊನೆಯ ಒದೆತಕ್ಕೆ ತಂಡ ಗೆದ್ದಿತು. ಗುರುತಿಲ್ಲದವರು ಅವನನ್ನು ತಬ್ಬಿದರು, ಕ್ಷೌರದಂಗಡಿಯವನು ಗಳಗಳ ಅತ್ತ. ಡೋಲುವೂ ಕುಣಿದ. ಕುಣಿಯುವಾಗ ಕಣ್ಣು ತಿರುತಿರುಗಿ ಆ ಸೀಟಿನ ಕಡೆಗೇ ಹೋಗುತ್ತಿತ್ತು.

ಬಸ್ಸು ಬೀದಿಗೆ ಬಂದಾಗ ಇನ್ನೂ ಬೆಳಕಿತ್ತು. ಅವತ್ತು ಆ ಬೀದಿಗೆ ನೀರಿನ ಸರದಿಯಲ್ಲ, ಆದರೂ ನಲ್ಲಿಗಳು ಸುರಿಯುತ್ತಿದ್ದವು. ಮೂಲೆಯ ವಾಲ್ವಿನ ಹತ್ತಿರ ಭಾವ ಕುಕ್ಕರಗಾಲಲ್ಲಿ ಕೂತಿದ್ದರು.

"ಮುಖಕ್ಕೆಲ್ಲ ಬಣ್ಣ ಬಳ್ಕೊಂಡು ಬರ್ತೀರಲ್ಲ, ತೊಳ್ಕೊಳ್ಳೋಕೆ ನೀರು ಬೇಡ್ವಾ?" ಎಂದರು.

"ಮ್ಯಾಚ್ ನೋಡಿದ್ರಾ ಭಾವ?"

"ಇಲ್ಲಪ್ಪ. ಟೀವಿ ಇರೋ ಕಡೆ ಸುಳೀಲೇ ಇಲ್ಲ. ಪಂಪಿನ ಮನೇಲಿ ಮೋಟರ್ ಹಾಕ್ಕೊಂಡು ಕೂತಿದ್ದೆ, ಯಾರ ಕೂಗೂ ಕಿವಿಗೆ ಬೀಳ್ಬಾರ್ದು ಅಂತ." ಭಾವ ಸಂಕೋಚದಿಂದ ನಕ್ಕರು. "ಅದಕ್ಕೇ ಗೆದ್ವಿ ನೋಡು."

ಡೋಲು ಮುಖ ತೊಳೆಯಲು ಬಗ್ಗಿದವನು ಬಹಳ ಹೊತ್ತು ತಲೆ ಎತ್ತಲಿಲ್ಲ. ತಮಾಷೆ ಎಂದು ಆಡಿದ ಮಾತನ್ನು ಈ ಮನುಷ್ಯ ನಿಜವೆಂದು ಒಳಗೆ ಇಳಿಸಿಕೊಂಡಿದ್ದಾನೆ ಎಂದು ಅವನಿಗೆ ಗೊತ್ತಾದದ್ದು ಆಗಲೇ. ಹೇಳಿಬಿಡಬೇಕು ಎಂದುಕೊಂಡ. ನಾಳೆ ಹೇಳೋಣ ಎಂದುಕೊಂಡ. ನಾಳೆ ಎನ್ನುವುದು ಅವನಂಥವರಿಗೆ ಎಷ್ಟು ದೊಡ್ಡ ಆಸ್ತಿ ಎಂದು ಬೇರೆ ಹೇಳಬೇಕಿಲ್ಲ. ಅದನ್ನು ತಿಂಗಳುಗಟ್ಟಲೆ ಕೂತು ತಿಂದ.

ಅಷ್ಟರಲ್ಲಿ ಭಾವನ ಮಗಳಿಗೆ ಹೆರಿಗೆಯಾಯಿತು. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಕೂಸು, ಅಂಗೈಯಗಲ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಡೋಲು ಆಸ್ಪತ್ರೆಗೆ ಓಡಿದ. ಒಳಗೆ ಬಿಡಲು ಹಳದಿ ಪಾಸು ಬೇಕು. ಸಾಲಿನಲ್ಲಿ ನಿಂತು ತನಗೊಂದು, ಭಾವನಿಗೊಂದು ಪಡೆದ. ನೋಡಿದರೆ ಭಾವ ಗೇಟಿನಾಚೆ, ಸೈಕಲ್ಲು ನಿಲ್ಲಿಸುವ ಜಾಗದ ಕಟ್ಟೆಯ ಮೇಲೆ ಕೂತಿದ್ದಾರೆ.

"ಬನ್ನಿ ಭಾವ, ಪಾಸ್ ತಂದಿದ್ದೀನಿ."

"ನೀನು ಹೋಗಿ ಬಾ. ನಾನು ಇಲ್ಲೇ ಇರ್ತೀನಿ."

"ಮೊಮ್ಮಗಳನ್ನ ನೋಡಲ್ವಾ?"

"ಕೂಸು ಸ್ವಲ್ಪ ಗಟ್ಟಿಯಾಗ್ಲಿ ಕಣೋ. ಮೊದಲೇ ಬಡಕಲು." ಭಾವ ತಮ್ಮ ಕಾಲುಗಳನ್ನು ನೋಡಿಕೊಂಡರು, ಹಳೆಯ ಚಪ್ಪಲಿ, ಕೆಸರು ಮೆತ್ತಿದ ಬೆರಳು. "ನನ್ನ ಕಾಲ್ಗುಣ ನಿಂಗೆ ಗೊತ್ತೇ ಇದೆಯಲ್ಲ."

ಡೋಲುವಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಏನೋ ಹೇಳಹೋದ. ಭಾವ ತಡೆದರು.

"ಮಗಳು ಕೇಳಿದ್ರೆ ಪಾಸ್ ಸಿಗಲಿಲ್ಲ ಅನ್ನು. ನಂಗೆ ಅವಳ ಮುಂದೆ ಸುಳ್ಳು ಹೇಳೋಕೆ ಬರಲ್ಲ."

ಮೇಲಿನ ವಾರ್ಡಿನಲ್ಲಿ ಭಾವನ ಮಗಳು ದಿಂಬಿಗೆ ಒರಗಿ ಕೂತಿದ್ದಳು. ಅಕ್ಕ ಔಷಧಿ ತರಲು ಹೋಗಿದ್ದಳು. ಡೋಲುವನ್ನು ಕಂಡದ್ದೇ ಹುಡುಗಿಯ ಕಣ್ಣು ಅವನ ಬೆನ್ನ ಹಿಂದೆ ಬಾಗಿಲಲ್ಲಿ ಇನ್ನೊಬ್ಬರನ್ನು ಹುಡುಕಿತು.

"ಅಪ್ಪ ಎಲ್ಲಿ ಮಾವ?"

ಮೆಟ್ಟಿಲು ಹತ್ತುವಾಗ ಡೋಲು ನಿಜ ಹೇಳುವುದೆಂದೇ ತೀರ್ಮಾನಿಸಿದ್ದ. ಆದರೆ ರೂಢಿಯಾದ ನಾಲಿಗೆ.

"ಪಾಸ್ ಸಿಗಲಿಲ್ಲಮ್ಮ. ಎಷ್ಟ್ ಒದ್ದಾಡಿದೆ ಗೊತ್ತಾ?"

ಹುಡುಗಿ ಅವನ ಮುಖ ನೋಡಲಿಲ್ಲ. ಕೈ ನೋಡಿದಳು.

"ಮತ್ತೆ ಎರಡಿದಾವಲ್ಲ ಮಾವ?"

ಎರಡು ಹಳದಿ ಚೀಟಿ ಅವನ ಬೆರಳ ಸಂದಿಯಲ್ಲಿ ಬೀಸಣಿಗೆ ಹಾಗೆ ಬಿಚ್ಚಿಕೊಂಡಿದ್ದವು. ಈ ಸಲ ಜೇಬಿಗೆ ಹಾಕುವುದನ್ನೂ ಮರೆತಿದ್ದ. ಡೋಲು ಹಾಸಿಗೆಯ ಕಾಲ ಬಳಿ ನಿಂತು ಎಲ್ಲವನ್ನೂ ಹೇಳಿದ. ಸ್ಟ್ಯಾಂಡಿನ ನಗು, ಕ್ಷೌರದಂಗಡಿ, ಬಾಯಿಯ ಮೊಳೆ, ಸೀಟಿನ ಮೇಲಿನ ಡೋಲು. ಹುಡುಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆ ಮಾತು ಅಂಟಿಸಿದ್ದು ನೀವು," ಎಂದಳು ಕೊನೆಗೆ. "ನೀವೇ ಹೋಗಿ ಕಿತ್ಕೊಂಡು ಬನ್ನಿ. ಅಪ್ಪ ಬರ್ದೆ ನೀವೊಬ್ರೇ ಬರ್ಬೇಡಿ."

ಡೋಲು ಕೆಳಗೆ ಬಂದ. ಕಟ್ಟೆಯ ಮೇಲೆ ಭಾವನ ಪಕ್ಕ ಕೂತ. ಸುತ್ತಿ ಬಳಸಲಿಲ್ಲ.

"ಭಾವ, ಫೈನಲ್ಲಿಗೆ ನಿಮ್ಮ ಟಿಕೆಟ್ ಇತ್ತು. ನನ್ನ ಜೇಬಲ್ಲೇ ಇತ್ತು. ನಾನು ಸುಳ್ಳು ಹೇಳ್ದೆ."

"ಗೊತ್ತು," ಎಂದರು ಭಾವ. "ನಿಮ್ಮಕ್ಕ ಟೀವಿಲಿ ನೋಡಿದ್ಲಂತೆ. ನೀನು ಎದ್ದು ಕುಣೀತಿದ್ದೆ, ಪಕ್ಕದಲ್ಲಿ ಡೋಲು ಕೂತಿತ್ತು ಅಂದ್ಲು."

"ಮತ್ತೆ ಯಾಕೆ ಒಂದ್ ಮಾತೂ ಕೇಳಲಿಲ್ಲ?"

"ಕೇಳೋದೇನಿದೆ? ಒಳ್ಳೇದೇ ಮಾಡ್ದೆ. ಗೆದ್ವಲ್ಲ."

"ಅದು ನೀವು ಬರ್ದೆ ಇದ್ದಿದ್ದಕ್ಕೆ ಅಲ್ಲ ಭಾವ! ಅವ್ರು ಚೆನ್ನಾಗಿ ಆಡಿದ್ರು, ಗೆದ್ರು. ಕಾಲ್ಗುಣ ಅಂದಿದ್ದು ಬರೀ ಜನ ನಗ್ಲಿ ಅಂತ. ನನ್ನ ಬಾಯಿ ನಿಮಗೆ ಗೊತ್ತಿಲ್ವಾ?"

"ನಾನು ಬಂದಾಗ ಸೋತ್ವಿ. ಬರ್ದೆ ಇದ್ದಾಗ ಗೆದ್ವಿ," ಎಂದರು ಭಾವ ಸಮಾಧಾನವಾಗಿ. ವಾಲ್ವ್ ಯಾವ ಕಡೆ ತಿರುಗಿಸಿದರೆ ನೀರು ಬರುತ್ತದೆ ಎಂದು ಹೇಳುವ ದನಿಯದು.

ಹುಟ್ಟಿದಾಗಿನಿಂದ ಆ ತಂಡ ಗೆಲ್ಲಲಿ ಎಂದು ಕೈ ಸೀಳುವ ಹಾಗೆ ಬಾರಿಸಿದ ಡೋಲು, ಅವತ್ತೊಂದು ದಿನ ಸೋತಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ. ಕಣ್ಣು ತುಂಬಿ ಬಂತು. ಒಂದು ಪಾಸನ್ನು ಭಾವನ ಕೈಗೆ ತುರುಕಿ, ಬೆರಳುಗಳನ್ನು ತಾನೇ ಮಡಚಿದ. ಭಾವ ಅದನ್ನು ವಾಪಸು ಕೊಡಲಿಲ್ಲ, ಏಳಲೂ ಇಲ್ಲ. ಆಸ್ಪತ್ರೆಯ ಕಿಟಕಿಗಳ ಕಡೆ ನೋಡುತ್ತ ಕೂತರು.

"ಒಂದು ಕೇಳ್ಲೇನೋ?" ಎಂದರು. "ಆ ಸೀಟಿಂದ ಮೈದಾನ ಪೂರ್ತಿ ಕಾಣ್ತಿತ್ತಾ?"

ಕಾಣ್ತಿತ್ತು ಎಂದುಬಿಡಲು ಡೋಲು ಬಾಯಿ ತೆರೆದ. ಆ ಸೀಟಿನಲ್ಲಿ ಅವನೂ ಕೂತಿರಲಿಲ್ಲ, ಅವತ್ತು ಅದರಲ್ಲಿ ಮನುಷ್ಯರು ಯಾರೂ ಕೂತಿರಲಿಲ್ಲ.

"ಗೊತ್ತಿಲ್ಲ ಭಾವ," ಎಂದ.